ಲಂಡನ್ನಿನ ಲೆಕ್ಕಾಚಾರ, ಎಡಿನ್‌ಬರೊದ ಸಂಸತ್ತು

1979ರ ಮಾರ್ಚ್ 28ರ ರಾತ್ರಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಜೇಮ್ಸ್ ಕ್ಯಾಲಹಾನ್ ಅವರ ಲೇಬರ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯವು 310ಕ್ಕೆ 311 ಮತಗಳಿಂದ ಅಂಗೀಕಾರವಾಯಿತು. ಒಂದೇ ಮತದ ಅಂತರದಲ್ಲಿ ಸರ್ಕಾರ ಬಿದ್ದ ಆ ರಾತ್ರಿಯನ್ನು ಮಾರ್ಗರೆಟ್ ಥ್ಯಾಚರ್ ಯುಗದ ಮುನ್ನುಡಿಯೆಂದು ವರ್ಣಿಸುವುದು ರೂಢಿ. ಅದಕ್ಕೆ ಹಿಂದಿನ ಚಳಿಗಾಲದ ಮುಷ್ಕರಗಳನ್ನು ಕಾರಣವಾಗಿ ಕೊಡುವುದೂ ರೂಢಿ. ಆದರೆ ಸರ್ಕಾರ ಬೀಳಲು ತಕ್ಷಣದ ಕಾರಣವಾದದ್ದು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದಲ್ಲಿ ಹುಟ್ಟಬೇಕಿದ್ದು ಹುಟ್ಟದೇ ಉಳಿದ ಒಂದು ಶಾಸನಸಭೆ. ಆ ತಿಂಗಳ ಮೊದಲ ದಿನವೇ ನಡೆದ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನವರು ತಮಗೊಂದು ಶಾಸನಸಭೆ ಬೇಕೆಂದು ಶೇ 51.6ರಷ್ಟು ಮತ ಕೊಟ್ಟಿದ್ದರು. ಆದರೂ ಅದು ಸಿಗಲಿಲ್ಲ. ಮತಪಟ್ಟಿಯಲ್ಲಿ ಹೆಸರಿರುವ ಒಟ್ಟು ಮತದಾರರಲ್ಲಿ ಶೇ 40 ಮಂದಿಯಾದರೂ ‘ಬೇಕು’ ಎನ್ನಬೇಕೆಂಬ ಷರತ್ತನ್ನು ಜಾರ್ಜ್ ಕನಿಂಗ್‌ಹ್ಯಾಮ್ ಎಂಬ ಲೇಬರ್ ಸಂಸದರು ಮಸೂದೆಗೆ ತಿದ್ದುಪಡಿಯಾಗಿ ಸೇರಿಸಿದ್ದರು. ‘ಬೇಕು’ ಎಂದವರು ಪಟ್ಟಿಯ ಶೇ 32.9ರಷ್ಟು ಮಾತ್ರ ಇದ್ದರು. ಮತಗಟ್ಟೆಗೆ ಬಾರದವರು, ಸತ್ತರೂ ಪಟ್ಟಿಯಿಂದ ಹೆಸರು ಹೋಗದವರು, ಎಲ್ಲರೂ ‘ಬೇಡ’ ಎಂದವರ ಸಾಲಿಗೇ ಸೇರಿದಂತಾಯಿತು.

ಆ ಕಾಯ್ದೆಯನ್ನು ಜಾರಿಗೆ ತರಲು ಹಿಂಜರಿದ ಸರ್ಕಾರದ ಮೇಲೆ ಸಿಟ್ಟಾದ, ಸ್ಕಾಟ್ಲೆಂಡಿನ ಸ್ವಾತಂತ್ರ್ಯ ಬಯಸುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ 11 ಸಂಸದರು ಅವಿಶ್ವಾಸ ನಿರ್ಣಯಕ್ಕೆ ಮುಂದಾದರು. ಥ್ಯಾಚರ್ ಅದರ ಬೆನ್ನಿಗೇ ತಮ್ಮ ನಿರ್ಣಯ ತಂದರು. ಕ್ರಿಸ್‌ಮಸ್ ಬೇಗ ಬರಲೆಂದು ಟರ್ಕಿ ಕೋಳಿಗಳೇ ಮತ ಹಾಕಿದ್ದನ್ನು ಇದೇ ಮೊದಲು ನೋಡುತ್ತಿರುವುದು ಎಂದು ಕ್ಯಾಲಹಾನ್ ಅಣಕಿಸಿದರು. ಅಣಕ ನಿಜವಾಯಿತು. ಮೇ 3ರ ಚುನಾವಣೆಯಲ್ಲಿ ಆ ಪಕ್ಷ 11ರಿಂದ 2 ಸ್ಥಾನಕ್ಕೆ ಇಳಿಯಿತು, ಹೊಸ ಕನ್ಸರ್ವೇಟಿವ್ ಸರ್ಕಾರ ಜೂನ್‌ನಲ್ಲೇ ಆ ಕಾಯ್ದೆಯನ್ನು ರದ್ದುಪಡಿಸಿತು. ಶಾಸನಸಭೆಗಾಗಿ ಸ್ಕಾಟರು ಮತ್ತೆ ಹದಿನೆಂಟು ವರ್ಷ ಕಾಯಬೇಕಾಯಿತು.

ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರದ ಜಗ್ಗಾಟದ ಬಗ್ಗೆ ಓದುವ ಗೀಳು ನನಗೆ ಹಳೆಯದು. ಆ ಗೀಳಿನಲ್ಲೇ ಸ್ಕಾಟ್ಲೆಂಡಿನ ಈ ಅರ್ಧ ಶತಮಾನದ ಕಥೆಯನ್ನು ಹಿಂಬಾಲಿಸುತ್ತಾ ಹೋದಾಗ ನನ್ನಲ್ಲಿ ಬಲಿಯುತ್ತಾ ಬಂದ ಅಭಿಪ್ರಾಯ ಹೀಗಿದೆ: ರಾಷ್ಟ್ರೀಯ ಚುನಾವಣೆಯ ಫಲಿತಾಂಶ ಸ್ಕಾಟ್ಲೆಂಡಿನ ತೀರ್ಪಿಗೆ ವಿರುದ್ಧವಾಗಿ ಬಂದಾಗಲೆಲ್ಲ ಪ್ರತ್ಯೇಕ ಸಂಸತ್ತಿನ ಬೇಡಿಕೆ ಗಟ್ಟಿಯಾಗಿದೆ; ಆದರೆ ಆ ಬೇಡಿಕೆ ಈಡೇರಿರುವುದು ಎರಡೂ ತೀರ್ಪುಗಳು ಒಂದಾದ ಗಳಿಗೆಯಲ್ಲಿ. ಸಂಸತ್ತು ತೀರಾ ಅಗತ್ಯವೆನಿಸುವ ಕಾಲದಲ್ಲಿ ಕೊಡುವ ಮನಸ್ಸು ಲಂಡನ್ನಿಗಿರುವುದಿಲ್ಲ. ಕೊಡುವ ಮನಸ್ಸಿರುವ ಕಾಲದಲ್ಲಿ, ಕೊಟ್ಟದ್ದಕ್ಕೆ ಬೇಲಿ ಹಾಕಬೇಕೆಂದು ಯಾರಿಗೂ ತೋಚುವುದಿಲ್ಲ.

ನಮ್ಮ ವಿಧಾನಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಕಾಟಿಷ್ ಸಂಸತ್ತನ್ನು ನೋಡಿದರೆ ಒಂದು ಮೂಲಭೂತ ವ್ಯತ್ಯಾಸ ಕಣ್ಣಿಗೆ ಬೀಳದೇ ಹೋಗಬಹುದು. ಕರ್ನಾಟಕದ ಶಾಸಕಾಂಗದ ಅಧಿಕಾರ ಲಿಖಿತ ಸಂವಿಧಾನದಿಂದ ಬಂದದ್ದು. ಏಳನೇ ಅನುಸೂಚಿಯ ರಾಜ್ಯಪಟ್ಟಿಯನ್ನು ಲೋಕಸಭೆ ಒಂದು ಮಧ್ಯಾಹ್ನ ಕುಳಿತು ಸರಳ ಬಹುಮತದಿಂದ ಅಳಿಸಿಹಾಕಲಾಗದು. ಬ್ರಿಟನ್ನಿಗೆ ಅಂಥ ಸಂವಿಧಾನವಿಲ್ಲ. ಎಡಿನ್‌ಬರೊದ ಸಂಸತ್ತು 1998ರ ಸ್ಕಾಟ್ಲೆಂಡ್ ಕಾಯ್ದೆಯ ಕೂಸು. ಅದೇ ಕಾಯ್ದೆಯ 28ನೇ ಸೆಕ್ಷನ್ನು ಆ ಸಂಸತ್ತಿಗೆ ಕಾನೂನು ಮಾಡುವ ಅಧಿಕಾರವನ್ನು ಕೊಟ್ಟು, ಏಳನೇ ಉಪಸೆಕ್ಷನ್ನಿಗೆ ಬರುವಷ್ಟರಲ್ಲಿ, ಇದರಿಂದ ಸ್ಕಾಟ್ಲೆಂಡಿಗಾಗಿ ಕಾನೂನು ಮಾಡುವ ಬ್ರಿಟಿಷ್ ಸಂಸತ್ತಿನ ಅಧಿಕಾರಕ್ಕೆ ಯಾವ ಬಾಧಕವೂ ಇಲ್ಲ ಎಂದು ನೆನಪಿಸುತ್ತದೆ. ಆದ್ದರಿಂದಲೇ ಬ್ರಿಟಿಷ್ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರಿನಲ್ಲಿ ಯಾರು ಎಷ್ಟು ಸ್ಥಾನ ಗೆದ್ದರು ಎಂಬುದು ಎಡಿನ್‌ಬರೊದ ಪಾಲಿಗೆ ಬದುಕಿನ ಪ್ರಶ್ನೆಯಾಗುತ್ತದೆ.

ನಿಜವಾಗಿ ಕಥೆ ಶುರುವಾಗುವುದು 1974ರಲ್ಲಿ. ಅದಕ್ಕೂ ಮೊದಲು, 1967ರಲ್ಲಿ, ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ವಿನಿ ಯೂಯಿಂಗ್ ಗೆದ್ದು ಲೇಬರ್ ಕೋಟೆಗೆ ಬಿರುಕು ತಂದಿದ್ದರು. ಅದರ ಬಿಸಿಗೆ 1969ರಲ್ಲಿ ನೇಮಕವಾದ ಆಯೋಗವೊಂದು ಸ್ಕಾಟ್ಲೆಂಡಿಗೆ ಶಾಸನಸಭೆ ಬೇಕೆಂದು 1973ರಲ್ಲಿ ವರದಿಯನ್ನೂ ಕೊಟ್ಟಿತ್ತು. ವರದಿ ಕಪಾಟು ಸೇರುವ ಎಲ್ಲ ಲಕ್ಷಣಗಳೂ ಇದ್ದವು. ಆದರೆ 1974ರ ಫೆಬ್ರುವರಿ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಸ್ಕಾಟಿಷ್ ನ್ಯಾಷನಲ್ ಪಾರ್ಟಿ 7 ಸ್ಥಾನ ಗೆದ್ದಿತು. ಹೆರಾಲ್ಡ್ ವಿಲ್ಸನ್ ಅವರ ಅಲ್ಪಮತದ ಸರ್ಕಾರಕ್ಕೆ ಇನ್ನೊಂದು ಚುನಾವಣೆ ಎದುರಿಗೇ ಇತ್ತು. ಸ್ಕಾಟ್ಲೆಂಡಿನ ಲೇಬರ್ ಸ್ಥಾನಗಳನ್ನು ಕಳೆದುಕೊಂಡರೆ ಬಹುಮತದ ಕನಸೇ ಇಲ್ಲ. ಶಾಸನಸಭೆಯನ್ನು ಒಪ್ಪಬೇಕೆಂದು ಲಂಡನ್ನಿನಿಂದ ಒತ್ತಡ ಬಂತು. ಆ ಜೂನ್ 22ರಂದು ಪಕ್ಷದ ಸ್ಕಾಟಿಷ್ ಕಾರ್ಯಕಾರಿ ಸಮಿತಿ ಸೇರಿದಾಗ ಅನೇಕ ಸದಸ್ಯರು ಗೈರುಹಾಜರಾಗಿದ್ದರು, ಏಕೆಂದರೆ ಅಂದು ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಯುಗೊಸ್ಲಾವಿಯಾ ನಡುವೆ ಪಂದ್ಯವಿತ್ತು. ಬಂದಿದ್ದವರು ಶಾಸನಸಭೆಯ ಎಲ್ಲ ಯೋಜನೆಗಳನ್ನೂ 6–5 ಮತಗಳಿಂದ ತಿರಸ್ಕರಿಸಿಬಿಟ್ಟರು. ಎರಡು ತಿಂಗಳೊಳಗೆ ಗ್ಲಾಸ್ಗೊದ ಡಾಲಿಂಟೋಬರ್ ಬೀದಿಯ ಸಭಾಂಗಣದಲ್ಲಿ ವಿಶೇಷ ಸಮ್ಮೇಳನ ಕರೆದು, ಕಾರ್ಮಿಕ ಸಂಘಗಳ ಮತಬಲದಿಂದ ಆ ನಿರ್ಣಯವನ್ನು ತಲೆಕೆಳಗು ಮಾಡಲಾಯಿತು. ನಂಬಿಕೆಯಿಂದ ಒಪ್ಪಿದವರು ಅಲ್ಲಿ ಎಷ್ಟು ಮಂದಿಯಿದ್ದರೋ. ಲೆಕ್ಕ ನೋಡಿ ಒಪ್ಪಿದವರೇ ಹೆಚ್ಚೆಂದು ನನ್ನ ಗುಮಾನಿ. ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಂದದ್ದು ಕೇವಲ 3 ಸ್ಥಾನಗಳ ಬಹುಮತ. ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಶೇ 30ರಷ್ಟು ಮತ ಪಡೆದು 11 ಸ್ಥಾನ ಗೆದ್ದಿತು.

ಹೀಗೆ ತೆಳು ಬಹುಮತದ ಒತ್ತಡದಲ್ಲಿ ಹುಟ್ಟಿದ ಮಸೂದೆ ಅದೇ ತೆಳು ಬಹುಮತಕ್ಕೆ ಬಲಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಉಪಚುನಾವಣೆಗಳಲ್ಲಿ ಸೋತು ಬಹುಮತ ಕರಗಿದ ಮೇಲೆ ತನ್ನ ಬೆರಳೆಣಿಕೆಯ ಬಂಡುಕೋರರನ್ನು ತಡೆಯುವ ಶಕ್ತಿಯೂ ಸರ್ಕಾರಕ್ಕೆ ಉಳಿಯಲಿಲ್ಲ. ಶೇ 40ರ ಷರತ್ತು ಒಳನುಗ್ಗಿದ್ದೇ ಆ ಬಾಗಿಲಿನಿಂದ. ಪ್ರಾದೇಶಿಕ ಪಕ್ಷದ ಕೈಯಲ್ಲಿ ಸರ್ಕಾರದ ಜುಟ್ಟು ಸಿಕ್ಕರೆ ಬೇಕಾದದ್ದನ್ನು ಮಾಡಿಸಿಕೊಳ್ಳಬಹುದೆಂದು ಮೈತ್ರಿ ಸರ್ಕಾರಗಳನ್ನು ಕಂಡ ನಾವು ಸುಲಭವಾಗಿ ನಂಬುತ್ತೇವೆ. ಅನುದಾನವನ್ನು ಹಾಗೆ ಪಡೆಯಬಹುದು. ರಾಜ್ಯವ್ಯವಸ್ಥೆಯನ್ನೇ ಬದಲಿಸುವ ಕಾಯ್ದೆಗೆ ಬೇರೆಯೇ ಬಗೆಯ ಬಲ ಬೇಕು.

ಮುಂದಿನ ಹದಿನೆಂಟು ವರ್ಷಗಳ ಮಹತ್ವ ಇರುವುದು ಫಲಿತಾಂಶಗಳ ಅಂತರದಲ್ಲಿ. 1979ರಲ್ಲಿ ಸ್ಕಾಟ್ಲೆಂಡಿನ 71 ಸ್ಥಾನಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 22 ಸಿಕ್ಕಿದ್ದವು. ಇಡೀ ಬ್ರಿಟನ್ನನ್ನು ಆಳುವ ಪಕ್ಷಕ್ಕೆ ಅಲ್ಲಿ ಮಾತಾಡುವ ನೈತಿಕ ಹಕ್ಕಿಲ್ಲ ಎನ್ನುವಂತಿರಲಿಲ್ಲ. 1987ರಲ್ಲಿ ಥ್ಯಾಚರ್ ಮೂರನೇ ಬಾರಿ ಭಾರಿ ಬಹುಮತದಿಂದ ಗೆದ್ದಾಗ 72ರಲ್ಲಿ ಅವರಿಗೆ ದಕ್ಕಿದ್ದು 10 ಮಾತ್ರ, ಲೇಬರ್ ಪಕ್ಷಕ್ಕೆ 50. ಸ್ಕಾಟ್ಲೆಂಡಿನ ಆಡಳಿತ ನಡೆಸುವ ಸ್ಕಾಟಿಷ್ ಆಫೀಸಿಗೆ ಮಂತ್ರಿಗಳನ್ನು ಹೊಂದಿಸಿದ ಮೇಲೆ, ಆ ಇಲಾಖೆಯನ್ನು ಪ್ರಶ್ನಿಸಬೇಕಾದ ಸಂಸದೀಯ ಸಮಿತಿಗೆ ಆಳುವ ಪಕ್ಷದಲ್ಲಿ ಮಂತ್ರಿಯಲ್ಲದ ಹಿಂಬದಿಯ ಸಂಸದರೇ ಸಾಲದೆ 1992ರವರೆಗೆ ಆ ಸಮಿತಿಯೇ ರಚನೆಯಾಗಲಿಲ್ಲ. ಆಳುವವರಿಗೆ ಪ್ರಶ್ನೆ ಕೇಳುವ ಒಂದು ಮೇಜನ್ನೂ ಹಾಕಲಾಗದ ಸ್ಥಿತಿ ಅದು. ಅಷ್ಟರ ಮೇಲೆ 1989ರಲ್ಲಿ ತಲೆಗಂದಾಯ ಬಂತು, ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು.

ಅದೇ 1989ರ ಮಾರ್ಚ್‌ನಲ್ಲಿ ಲೇಬರ್, ಲಿಬರಲ್ ಡೆಮಾಕ್ರಾಟ್, ಚರ್ಚುಗಳು, ಕಾರ್ಮಿಕ ಸಂಘಗಳು, ಸ್ಥಳೀಯ ಆಡಳಿತ ಸಂಸ್ಥೆಗಳು ಒಟ್ಟುಗೂಡಿ ಸ್ಕಾಟಿಷ್ ಸಾಂವಿಧಾನಿಕ ಸಮಾವೇಶವನ್ನು ಆರಂಭಿಸಿದವು. ಅದರ ಕಾರ್ಯಕಾರಿ ಸಮಿತಿಯನ್ನು ನಡೆಸಿದ ಪಾದ್ರಿ ಕೆನ್ಯನ್ ರೈಟ್ ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ: ನಮಗೆಲ್ಲ ಚೆನ್ನಾಗಿ ಪರಿಚಯವಿರುವ ಆ ಇನ್ನೊಂದು ದನಿ ‘ನಾವು ಬೇಡವೆನ್ನುತ್ತೇವೆ, ನಾವೇ ಪ್ರಭುತ್ವ’ ಎಂದರೆ? ಅವರೇ ಕೊಟ್ಟ ಉತ್ತರ: ‘ನಾವು ಬೇಕೆನ್ನುತ್ತೇವೆ, ನಾವೇ ಜನ.’ ಸಂಸತ್ತಿನ ಸದಸ್ಯರ ಆಯ್ಕೆ ಹೇಗಿರಬೇಕು, ತೆರಿಗೆಯ ಅಧಿಕಾರ ಎಷ್ಟಿರಬೇಕು ಎಂಬುದೆಲ್ಲ ಚರ್ಚೆಯಾಗಿ ಹದಗೊಂಡದ್ದು ಅಧಿಕಾರದ ಹತ್ತಿರವೂ ಯಾರೂ ಇರದ ಈ ವರ್ಷಗಳಲ್ಲಿ. 1992ರಲ್ಲಿ ಲೇಬರ್ ಮತ್ತೆ ಸೋತಾಗ ನಿರಾಸೆಯಾದದ್ದು ನಿಜ. ಆದರೆ ಆ ಸೋಲಿನಿಂದಾಗಿ ಸಮಾವೇಶಕ್ಕೆ ತನ್ನ ಕೆಲಸ ಮುಗಿಸಿ 1995ರಲ್ಲಿ ಅಂತಿಮ ಯೋಜನೆ ಪ್ರಕಟಿಸುವಷ್ಟು ಕಾಲಾವಕಾಶವೂ ಸಿಕ್ಕಿತು. ಕನ್ಸರ್ವೇಟಿವ್ ಸರ್ಕಾರ ಸಂಸತ್ತಿನ ಬದಲು 1996ರ ನವೆಂಬರ್‌ನಲ್ಲಿ ಒಂದು ಕಲ್ಲನ್ನು ಕೊಟ್ಟಿತು: 1296ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಹೊತ್ತೊಯ್ದಿದ್ದ ಸ್ಕಾಟಿಷ್ ರಾಜರ ಪಟ್ಟಾಭಿಷೇಕದ ಶಿಲೆ, ಏಳುನೂರು ವರ್ಷಗಳ ನಂತರ ಎಡಿನ್‌ಬರೊಗೆ ಮರಳಿತು. ಜನ ಕಲ್ಲನ್ನು ನೋಡಲು ಬಂದರು. ಆರು ತಿಂಗಳೊಳಗೆ ಆ ಪಕ್ಷದ ಎಲ್ಲ ಸಂಸದರನ್ನೂ ಮನೆಗೆ ಕಳುಹಿಸಿದರು.

ವೇಲ್ಸಿನ ಉದಾಹರಣೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಅಲ್ಲಿ ಬೇಡಿಕೆಯೇ ಇರಲಿಲ್ಲ. 1979ರಲ್ಲಿ ವೇಲ್ಸ್ ಜನರು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಶಾಸನಸಭೆಯನ್ನು ತಿರಸ್ಕರಿಸಿದ್ದರು. 1987ರಿಂದ 1997ರವರೆಗೆ ವೇಲ್ಸಿನ ಮಂತ್ರಿಗಳಾಗಿ ಬಂದವರೆಲ್ಲ ಇಂಗ್ಲೆಂಡಿನ ಕ್ಷೇತ್ರಗಳಿಂದ ಆರಿಸಿಬಂದ ಸಂಸದರು. ಅವರಲ್ಲೊಬ್ಬರಾದ ಜಾನ್ ರೆಡ್‌ವುಡ್ 1993ರಲ್ಲಿ ತಮ್ಮದೇ ಪಕ್ಷದ ವೇಲ್ಸ್ ಸಮ್ಮೇಳನದಲ್ಲಿ ವೇಲ್ಸ್ ನಾಡಗೀತೆಗೆ, ಸಾಲುಗಳು ಗೊತ್ತಿಲ್ಲದೆ, ಸುಮ್ಮನೆ ತುಟಿಯಾಡಿಸುತ್ತಾ ತಲೆದೂಗಿದ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ನಾಡಗೀತೆಗೆ ಬರೀ ತುಟಿಯಾಡಿಸುವ ಮಂತ್ರಿಯನ್ನು ನಾವು ಹೇಗೆ ನೋಡುತ್ತಿದ್ದೆವೆಂದು ಊಹಿಸಿಕೊಂಡರೆ ಅಲ್ಲಿನವರ ಮುಜುಗರ ಅರ್ಥವಾದೀತು. 1997ರಲ್ಲಿ ವೇಲ್ಸ್ ಶೇ 50.3ರಷ್ಟು ಮತದಿಂದ, 6,721 ಮತಗಳ ಅಂತರದಲ್ಲಿ ‘ಬೇಕು’ ಎಂದಿತು. ಹದಿನೆಂಟು ವರ್ಷಗಳಲ್ಲಿ ಒಂದು ಜನಸಮುದಾಯದ ಮನಸ್ಸು ಇಷ್ಟು ಹೊರಳಲು ಪ್ರಚಾರಕ್ಕಿಂತ ಹೆಚ್ಚಾಗಿ ನಾಲ್ಕು ರಾಷ್ಟ್ರೀಯ ಚುನಾವಣೆಗಳ ಫಲಿತಾಂಶಗಳೇ ಕಾರಣವೆಂದು ನನಗನ್ನಿಸುತ್ತದೆ.

1997ರ ಮೇ 1ರ ಫಲಿತಾಂಶ ಎಲ್ಲವನ್ನೂ ಬದಲಿಸಿತು. ಲೇಬರ್ 418 ಸ್ಥಾನ ಗೆದ್ದಿತು. ಕನ್ಸರ್ವೇಟಿವ್ ಪಕ್ಷಕ್ಕೆ ಸ್ಕಾಟ್ಲೆಂಡ್ ಮತ್ತು ವೇಲ್ಸ್ ಎರಡರಲ್ಲೂ ಒಂದು ಸ್ಥಾನವೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಗೆದ್ದ 56 ಸ್ಥಾನಗಳನ್ನು ಕಳೆದರೂ ಟೋನಿ ಬ್ಲೇರ್ ಅವರಿಗೆ ಬಹುಮತವಿತ್ತು, ಅಂದರೆ ಸಂಸತ್ತನ್ನು ಕೊಡಲೇಬೇಕೆಂಬ ಲೆಕ್ಕದ ಒತ್ತಡ ಅವರ ಮೇಲಿರಲಿಲ್ಲ. ಬ್ಲೇರ್ ಅವರಿಗೆ ಈ ವಿಷಯದಲ್ಲಿ ಅಂಥ ಉತ್ಸಾಹವೂ ಇರಲಿಲ್ಲವೆಂಬುದು ಗುಟ್ಟಲ್ಲ. ಆದರೂ ಅವರನ್ನು ಕಟ್ಟಿಹಾಕಿದ್ದು ವಿರೋಧಪಕ್ಷದಲ್ಲಿದ್ದಾಗ ಕೊಟ್ಟ ಮಾತು, ಮತ್ತು ಸಿದ್ಧವಾಗಿದ್ದ ಯೋಜನೆ. 1994ರಲ್ಲಿ ತೀರಿಕೊಂಡ ಪಕ್ಷದ ನಾಯಕ ಜಾನ್ ಸ್ಮಿತ್ ಇದನ್ನು ‘ಮುಗಿಸದೇ ಉಳಿದ ಕೆಲಸ’ ಎಂದು ಕರೆದಿದ್ದರು. ಹೊಸ ಸರ್ಕಾರಕ್ಕೆ ಐದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 11ರಂದು, ಜನಮತಗಣನೆ ನಡೆದು ಶೇ 74.3 ಮಂದಿ ಸಂಸತ್ತಿಗೆ, ಶೇ 63.5 ಮಂದಿ ಅದರ ತೆರಿಗೆ ಅಧಿಕಾರಕ್ಕೆ ಒಪ್ಪಿಗೆ ಕೊಟ್ಟರು. 1999ರ ಮೇ 12ರಂದು 129 ಸದಸ್ಯರ ಸಂಸತ್ತು ಮೊದಲ ಬಾರಿ ಸೇರಿದಾಗ, ಹಿರಿಯ ಸದಸ್ಯೆಯಾಗಿ ಅಧ್ಯಕ್ಷತೆ ವಹಿಸಿದವರು ಅದೇ ವಿನಿ ಯೂಯಿಂಗ್: 1707ರ ಮಾರ್ಚ್ 25ರಂದು ಮುಂದೂಡಲಾಗಿದ್ದ ಸ್ಕಾಟಿಷ್ ಸಂಸತ್ತು ಈಗ ಪುನಃ ಸೇರಿದೆ ಎಂದು ಅವರು ಘೋಷಿಸಿದರು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ನನ್ನ ತಕರಾರು ಶುರುವಾಗುವುದು ಮಾತ್ರ ಇಲ್ಲಿಂದ. ಮುಂದಿನ ಎಂಟು ವರ್ಷ ಲಂಡನ್, ಎಡಿನ್‌ಬರೊ, ವೇಲ್ಸಿನ ರಾಜಧಾನಿ ಕಾರ್ಡಿಫ್ ಮೂರರಲ್ಲೂ ಲೇಬರ್ ಪಕ್ಷವೇ ಸರ್ಕಾರದ ಚುಕ್ಕಾಣಿ ಹಿಡಿದಿತ್ತು. ಏನೇ ತೊಡಕಾದರೂ ಒಂದೇ ಪಕ್ಷದ ಮಂತ್ರಿಗಳು ಫೋನಿನಲ್ಲಿ ಮಾತಾಡಿ ಸರಿಮಾಡಿಕೊಳ್ಳುತ್ತಿದ್ದರು. ಸರ್ಕಾರಗಳ ನಡುವಿನ ವ್ಯಾಜ್ಯಗಳನ್ನು ಬಗೆಹರಿಸಲೆಂದೇ ಜಂಟಿ ಮಂತ್ರಿ ಸಮಿತಿಯೊಂದನ್ನು ಮಾಡಲಾಗಿತ್ತು. 2002ರ ಅಕ್ಟೋಬರ್‌ನಿಂದ 2008ರ ಜೂನ್‌ವರೆಗೆ ಅದರ ಪೂರ್ಣಸಭೆ ಒಮ್ಮೆಯೂ ಸೇರಲಿಲ್ಲ. ಎಡಿನ್‌ಬರೊಗೆ ವಹಿಸಿದ ವಿಷಯಗಳಲ್ಲಿ ಅಲ್ಲಿನ ಒಪ್ಪಿಗೆಯಿಲ್ಲದೆ ವೆಸ್ಟ್‌ಮಿನ್‌ಸ್ಟರ್ ಸಾಮಾನ್ಯವಾಗಿ ಕಾನೂನು ಮಾಡುವುದಿಲ್ಲ ಎಂಬ ಭರವಸೆಯನ್ನು 1998ರಲ್ಲಿ ಲಾರ್ಡ್ ಸ್ಯೂಯಲ್ ಮೇಲ್ಮನೆಯಲ್ಲಿ ಕೊಟ್ಟಿದ್ದರು. ಸ್ಯೂಯಲ್ ಸಂಪ್ರದಾಯವೆಂದು ಹೆಸರಾದ ಅದನ್ನು ಕಾಯ್ದೆಯಲ್ಲಿ ಬರೆಯುವ ಅಗತ್ಯ ಆಗ ಯಾರಿಗೂ ಕಾಣಲಿಲ್ಲ. ಮನೆಮಂದಿಯೆಲ್ಲ ಅನ್ಯೋನ್ಯವಾಗಿರುವಾಗ ಆಸ್ತಿಪತ್ರದ ಮಾತೆತ್ತುವುದು ಅಪಶಕುನವೆನ್ನುವಂತೆ.

ಈ ಜಾಗದಲ್ಲಿ ಕರ್ನಾಟಕ ನೆನಪಾಗದೆ ಇರುವುದಿಲ್ಲ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷ ಗೆದ್ದದ್ದು 4 ಮಾತ್ರ. ರಾಷ್ಟ್ರೀಯ ಫಲಿತಾಂಶವನ್ನು ತಮ್ಮ ಸರ್ಕಾರದ ಮೇಲಿನ ತೀರ್ಪೆಂದೇ ಪರಿಗಣಿಸಿದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದೆಹಲಿಗೆ ಬೇರೆ, ಬೆಂಗಳೂರಿಗೆ ಬೇರೆ ಎಂದು ಜನ ಲೆಕ್ಕ ಹಾಕುತ್ತಾರೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಸ್ಕಾಟ್ಲೆಂಡಿನಲ್ಲೂ ಹೀಗೇ ಆಯಿತು: 2010ರ ರಾಷ್ಟ್ರೀಯ ಚುನಾವಣೆಯಲ್ಲಿ 59ರಲ್ಲಿ 6 ಸ್ಥಾನ ಗೆದ್ದಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಒಂದೇ ವರ್ಷದ ನಂತರ ಎಡಿನ್‌ಬರೊದಲ್ಲಿ 129ರಲ್ಲಿ 69 ಸ್ಥಾನ ಗೆದ್ದಿತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಗ್ಲಾಸ್ಗೊ, ಎಡಿನ್‌ಬರೊಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಕಾಮನ್‌ವೆಲ್ತ್ ನಾಗರಿಕರೆಂಬ ಕಾರಣಕ್ಕೆ ಈ ಎರಡೂ ಚುನಾವಣೆಗಳಲ್ಲಿ ಮತದ ಹಕ್ಕಿದೆ. ಎರಡು ಪೆಟ್ಟಿಗೆಗೆ ಎರಡು ಮನಸ್ಸಿನಿಂದ ಮತ ಹಾಕುವುದು ಅವರಿಗೆ ಹೊಸದೇನಲ್ಲ.

ಹೆಗಡೆಯವರದ್ದು ಸ್ವಂತ ನಿರ್ಧಾರವಾಗಿತ್ತು. ಅದಕ್ಕೂ ಮುಂಚೆ, 1977ರಲ್ಲಿ ಜನತಾ ಸರ್ಕಾರ ಮತ್ತು 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ, ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ರಾಜ್ಯವಾಳುವ ನೈತಿಕ ಹಕ್ಕಿಲ್ಲವೆಂಬ ವಾದ ಹೂಡಿ ಒಂಬತ್ತೊಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಬರ್ಖಾಸ್ತು ಮಾಡಿದ್ದವು. ಅದಕ್ಕೆ ತಡೆ ಬಿದ್ದದ್ದು ಕರ್ನಾಟಕದ ಹೆಸರಿನಲ್ಲೇ: 1989ರ ಏಪ್ರಿಲ್‌ನಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ, ಬಹುಮತ ಪರೀಕ್ಷೆಯ ಜಾಗ ಸದನವೇ ಹೊರತು ರಾಜಭವನವಲ್ಲ ಎಂದಿತು. ಲೋಕಸಭಾ ಚುನಾವಣೆಯಲ್ಲಿ ಸೋತದ್ದಷ್ಟರಿಂದಲೇ ರಾಜ್ಯ ಸರ್ಕಾರವೊಂದನ್ನು ತೆಗೆದುಹಾಕಲಾಗದೆಂಬುದೂ ಅದೇ ತೀರ್ಪಿನಿಂದ ಖಚಿತವಾಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ 2017ರ ಜನವರಿಯಲ್ಲಿ ಸ್ಯೂಯಲ್ ಸಂಪ್ರದಾಯದ ಪ್ರಶ್ನೆ ಬಂದಾಗ ಆ ನ್ಯಾಯಾಲಯ, ಇದು ರಾಜಕೀಯ ಸಂಪ್ರದಾಯ, ಇದನ್ನು ಜಾರಿಗೊಳಿಸುವುದು ತನ್ನ ಕೆಲಸವಲ್ಲ ಎಂದು ಕೈಚೆಲ್ಲಿತು. ವೆಸ್ಟ್‌ಮಿನ್‌ಸ್ಟರಿನ ಪರಮಾಧಿಕಾರದ ನೆಲೆಯಲ್ಲಿ ಕುಳಿತ ನ್ಯಾಯಾಲಯಕ್ಕೆ ಬೇರೆ ದಾರಿಯಿರಲಿಲ್ಲವೇನೋ. ಆದರೆ ಒಂದೇ ಬಗೆಯ ತೊಡಕಿಗೆ ಎರಡು ದೇಶಗಳ ನ್ಯಾಯಾಲಯಗಳು ಕೊಟ್ಟ ಉತ್ತರಗಳ ನಡುವಿನ ದೂರ ಗಮನಿಸತಕ್ಕದ್ದು.

2010ರಲ್ಲಿ ಲಂಡನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರಾನ್ ನೇತೃತ್ವದ ಮೈತ್ರಿ ಸರ್ಕಾರ ಬಂತು. ಸ್ಕಾಟ್ಲೆಂಡಿನಲ್ಲಿ ಅವರ ಪಕ್ಷಕ್ಕಿದ್ದದ್ದು ಒಬ್ಬನೇ ಸಂಸದ. 2011ರ ನಂತರ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ನಾಯಕ, ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸ್ಯಾಮಂಡ್ ಸ್ವಾತಂತ್ರ್ಯದ ಜನಮತಗಣನೆ ಕೇಳಿದಾಗ, ಅಲ್ಲಿ ತಮಗೆ ಜನಾದೇಶವಿಲ್ಲದ ಕ್ಯಾಮರಾನ್ ‘ಇಲ್ಲ’ ಎನ್ನುವ ಧೈರ್ಯ ಮಾಡಲಿಲ್ಲ. 2012ರ ಅಕ್ಟೋಬರ್‌ನ ಎಡಿನ್‌ಬರೊ ಒಪ್ಪಂದದಿಂದ ಅಧಿಕಾರ ವರ್ಗಾವಣೆಯಾಗಿ, 2014ರ ಸೆಪ್ಟೆಂಬರ್ 18ರಂದು ಮತದಾನ ನಡೆದು ಶೇ 55.3 ಮಂದಿ ಸ್ವಾತಂತ್ರ್ಯ ಬೇಡವೆಂದರು. ಮತದಾನಕ್ಕೆ ಎರಡು ದಿನ ಮೊದಲು ಮೂರು ರಾಷ್ಟ್ರೀಯ ಪಕ್ಷಗಳ ನಾಯಕರು ಹೆಚ್ಚಿನ ಅಧಿಕಾರ ಕೊಡುವುದಾಗಿ ಪತ್ರಿಕೆಯೊಂದರ ಮುಖಪುಟದಲ್ಲಿ ವಚನವಿತ್ತಿದ್ದರು. 2015ರ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 59ರಲ್ಲಿ 56 ಸ್ಥಾನ ಗೆದ್ದದ್ದರಿಂದ ಆ ವಚನ ಮರೆಯುವಂತಿರಲಿಲ್ಲ. 2016ರ ಕಾಯ್ದೆ ಬಂತು. ಅದರಲ್ಲಿ ಸ್ಯೂಯಲ್ ಸಂಪ್ರದಾಯವೂ ‘ಸಾಮಾನ್ಯವಾಗಿ’ ಎಂಬ ವಿಶೇಷಣದ ಸಮೇತ 28ನೇ ಸೆಕ್ಷನ್ನಿನ ಎಂಟನೇ ಉಪಸೆಕ್ಷನ್ನಾಗಿ ಸೇರಿತು. ಆದರೆ ಆ 56 ಸಂಸದರಿಗೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಹಿಡಿತ ಸಿಗಲಿಲ್ಲ. ಸ್ಯಾಮಂಡ್ ಅವರ ಜೇಬಿನೊಳಗೆ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಕುಳಿತಿರುವ ಪೋಸ್ಟರನ್ನು ಇಂಗ್ಲೆಂಡಿನಲ್ಲೆಲ್ಲ ತೋರಿಸಿ ಕನ್ಸರ್ವೇಟಿವ್ ಪಕ್ಷ ಸ್ವಂತ ಬಲದ ಬಹುಮತ ಗಳಿಸಿತ್ತು.

ಪ್ರಾದೇಶಿಕ ಪಕ್ಷಕ್ಕೆ ರಾಷ್ಟ್ರೀಯ ಫಲಿತಾಂಶ ನಿಜವಾಗಿ ಹಿಡಿತ ಕೊಟ್ಟದ್ದು 2017ರಲ್ಲಿ, ಅದೂ ಉತ್ತರ ಐರ್ಲೆಂಡಿನಲ್ಲಿ. ಅಲ್ಲಿನ ರಾಜಧಾನಿ ಬೆಲ್‌ಫಾಸ್ಟಿನಲ್ಲಿ ಬ್ರಿಟನ್ ಪರ ಮತ್ತು ಐರ್ಲೆಂಡ್ ಪರ ಪಕ್ಷಗಳು ಕೂಡಿ ನಡೆಸುವ ಅಧಿಕಾರ ಹಂಚಿಕೆಯ ಸರ್ಕಾರ ಆ ಜನವರಿಯಲ್ಲೇ ಕುಸಿದಿತ್ತು. ಜೂನ್‌ನಲ್ಲಿ ಪ್ರಧಾನಿ ಥೆರೇಸಾ ಮೇ ಬಹುಮತ ಕಳೆದುಕೊಂಡು, ಬ್ರಿಟನ್ ಪರವಾದ ಡಿಯುಪಿ (ಡೆಮಾಕ್ರಟಿಕ್ ಯೂನಿಯನಿಸ್ಟ್ ಪಾರ್ಟಿ) ಪಕ್ಷದ 10 ಸಂಸದರ ಬೆಂಬಲಕ್ಕೆ ಕೈಚಾಚಿದರು. 100 ಕೋಟಿ ಪೌಂಡ್ ಹೆಚ್ಚುವರಿ ಹಣದ ಒಪ್ಪಂದವಾಯಿತು. ಲಂಡನ್ನಿನಲ್ಲೇ ಸರ್ಕಾರದ ಕೀಲಿಕೈ ಸಿಕ್ಕಿರುವಾಗ ಬೆಲ್‌ಫಾಸ್ಟಿನಲ್ಲಿ ಎದುರಾಳಿಗಳೊಡನೆ ರಾಜಿ ಮಾಡಿಕೊಳ್ಳುವ ಆತುರ ಯಾರಿಗಿರುತ್ತದೆ? ಶಾಸನಸಭೆ ಮೂರು ವರ್ಷ ಸ್ತಬ್ಧವಾಗಿತ್ತು. 2019ರ ಡಿಸೆಂಬರ್‌ನಲ್ಲಿ ಬೋರಿಸ್ ಜಾನ್ಸನ್ 80ರ ಬಹುಮತ ಗಳಿಸಿ ಡಿಯುಪಿಯ ಬೆಂಬಲ ಬೇಡವಾದ ಮೇಲೆ, ಒಂದು ತಿಂಗಳೊಳಗೆ ಅದು ಪುನಃ ಸೇರಿತು. ಇನ್ನೂ ಹಿಂದಿನ ಉದಾಹರಣೆಯೂ ಅಲ್ಲೇ ಇದೆ. 1974ರ ಜನವರಿ 1ರಂದು ಆರಂಭವಾದ ಅಲ್ಲಿನ ಮೊದಲ ಜಂಟಿ ಸರ್ಕಾರಕ್ಕೆ ಎರಡು ತಿಂಗಳೂ ತುಂಬದಿರುವಾಗ, ಕಲ್ಲಿದ್ದಲು ಗಣಿ ಕಾರ್ಮಿಕರೊಂದಿಗಿನ ಜಗಳಕ್ಕೆ ಎಡ್ವರ್ಡ್ ಹೀತ್ ರಾಷ್ಟ್ರೀಯ ಚುನಾವಣೆ ಕರೆದರು. ಉತ್ತರ ಐರ್ಲೆಂಡಿನಲ್ಲಿ ಅದು ಜಂಟಿ ಸರ್ಕಾರದ ಮೇಲಿನ ಮತದಾನವಾಗಿ ಮಾರ್ಪಟ್ಟು, 12ರಲ್ಲಿ 11 ಸ್ಥಾನ ಅದರ ವಿರೋಧಿಗಳ ಪಾಲಾದವು. ಮೇ ತಿಂಗಳಲ್ಲಿ ಮುಷ್ಕರದ ಹೊಡೆತಕ್ಕೆ ಆ ಸರ್ಕಾರ ಬಿತ್ತು. ತನಗೆ ಸಂಬಂಧವೇ ಇಲ್ಲದ ಜಗಳದ ಚುನಾವಣೆಯಲ್ಲಿ ಒಂದು ಶಾಸನಸಭೆಯ ಭವಿಷ್ಯ ಕಮರಿಹೋದ ಇದಕ್ಕಿಂತ ಕಟುವಾದ ಪ್ರಸಂಗ ನನಗೆ ಗೊತ್ತಿಲ್ಲ.

ಜಾನ್ಸನ್ ಅವರ 2019ರ ಗೆಲುವು ಬೆಲ್‌ಫಾಸ್ಟಿಗೆ ಒಳಿತು ಮಾಡಿದರೂ ಎಡಿನ್‌ಬರೊಗೆ ಮಾಡಲಿಲ್ಲ. 2016ರಲ್ಲಿ ಸ್ಕಾಟ್ಲೆಂಡಿನ ಶೇ 62 ಮಂದಿ ಯುರೋಪಿಯನ್ ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದರು. ಈಗ 59ರಲ್ಲಿ 48 ಸ್ಥಾನಗಳನ್ನು ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಕೊಟ್ಟಿದ್ದರು. ಆ 48 ಸಂಸದರಿಂದ 80ರ ಬಹುಮತಕ್ಕೆ ಏನೂ ಆಗಬೇಕಿರಲಿಲ್ಲ. 2020ರ ಜನವರಿಯಲ್ಲಿ ಒಕ್ಕೂಟದಿಂದ ಹೊರಬರುವ ಒಪ್ಪಂದದ ಮಸೂದೆಗೆ ಎಡಿನ್‌ಬರೊ, ಕಾರ್ಡಿಫ್, ಬೆಲ್‌ಫಾಸ್ಟ್ ಮೂರೂ ಒಪ್ಪಿಗೆ ನಿರಾಕರಿಸಿದವು, ಮಸೂದೆ ಕಾಯ್ದೆಯಾಯಿತು. ಬ್ರಿಟನ್ನಿನ ಒಂದು ಭಾಗದಲ್ಲಿ ಮಾರಬಹುದಾದ ಸರಕನ್ನು ಉಳಿದೆಡೆಯೂ ಮಾರಬಹುದೆನ್ನುವ, ವರ್ಷದ ಕೊನೆಗೆ ಬಂದ ಆಂತರಿಕ ಮಾರುಕಟ್ಟೆ ಕಾಯ್ದೆ ಪ್ರಾಂತೀಯ ಶಾಸನಸಭೆಗಳ ನಿಯಮಗಳ ಹರಿತವನ್ನೇ ಮೊಂಡಾಗಿಸಿತು. 2023ರ ಜನವರಿಯಲ್ಲಿ, ಎಡಿನ್‌ಬರೊ ಅಂಗೀಕರಿಸಿದ ಲಿಂಗ ಗುರುತಿಸುವಿಕೆ ಮಸೂದೆಯನ್ನು ತಡೆಯಲು 1998ರ ಕಾಯ್ದೆಯ 35ನೇ ಸೆಕ್ಷನ್ನನ್ನು ಮೊದಲ ಬಾರಿ ಬಳಸಲಾಯಿತು. ಆ ಮಸೂದೆಯ ಗುಣದೋಷದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಕಾಲು ಶತಮಾನ ಒರೆಯಲ್ಲೇ ಇದ್ದ ಕತ್ತಿಯನ್ನು ಹೊರತೆಗೆಯಲು ಒಂದು ಚುನಾವಣೆಯ ಫಲಿತಾಂಶ ಸಾಕಾಯಿತೆಂಬುದು ನನ್ನ ಗಮನದ ವಿಷಯ.

2024ರ ಜುಲೈ 4ರಂದು ಚಕ್ರ ಮತ್ತೆ ತಿರುಗಿತು. ಲೇಬರ್ 411 ಸ್ಥಾನ ಪಡೆಯಿತು. ಸ್ಕಾಟ್ಲೆಂಡಿನ 57ರಲ್ಲಿ 37 ಅದರ ಪಾಲಾಗಿ, ಸ್ಕಾಟಿಷ್ ನ್ಯಾಷನಲ್ ಪಾರ್ಟಿ 9ಕ್ಕೆ ಕುಸಿಯಿತು. ಆ ಪಕ್ಷದ ಮತಪ್ರಮಾಣ ಆಗಲೂ ಶೇ 30ರಷ್ಟಿತ್ತೆಂಬುದನ್ನು ನೆನಪಿಡಬೇಕು: 1974ರಲ್ಲಿ ಅಷ್ಟೇ ಪ್ರಮಾಣದ ಮತ ಲಂಡನ್ನಿನಲ್ಲಿ ಒಂದು ಪಕ್ಷದ ನೀತಿಯನ್ನೇ ಬದಲಿಸಿತ್ತು, 2024ರಲ್ಲಿ ಸ್ವಾತಂತ್ರ್ಯದ ಪ್ರಶ್ನೆ ಮುಗಿದೇಹೋಯಿತೆಂದು ಬರೆಯಲು ಅಂಕಣಕಾರರಿಗೆ ಕಾರಣವಾಯಿತು. 37ನ್ನು ಕಳೆದರೂ ಲೇಬರ್ ಬಳಿ 374 ಸ್ಥಾನಗಳು ಉಳಿಯುತ್ತವೆ; 650ರ ಸದನದಲ್ಲಿ ಬಹುಮತಕ್ಕೆ 326 ಸಾಕು. ಹಣದ ವಿಷಯದಲ್ಲಂತೂ ಹೊಸ ಫಲಿತಾಂಶದ ಬಿಸಿ ಕೆಲವೇ ವಾರಗಳಲ್ಲಿ ತಟ್ಟಿತು. ಬಾರ್ನೆಟ್ ಸೂತ್ರದ ಪ್ರಕಾರ ಇಂಗ್ಲೆಂಡಿನಲ್ಲಿ ಒಂದು ಬಾಬ್ತಿನ ಖರ್ಚು ಏರಿದರೆ ಅಥವಾ ಇಳಿದರೆ ಜನಸಂಖ್ಯೆಯ ಅನುಪಾತದಲ್ಲಿ ಸ್ಕಾಟ್ಲೆಂಡಿನ ಅನುದಾನವೂ ಏರಿಳಿಯುತ್ತದೆ. ವೃದ್ಧರಿಗೆ ಚಳಿಗಾಲದ ಇಂಧನಕ್ಕಾಗಿ ಕೊಡುವ ಹಣವನ್ನು ಬಡವರಿಗಷ್ಟೇ ಸೀಮಿತಗೊಳಿಸಲು ಲಂಡನ್ ನಿರ್ಧರಿಸಿದಾಗ, ಅದೇ ಸೌಲಭ್ಯವನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿದ್ದ ಎಡಿನ್‌ಬರೊ ಕೂಡ ಆ ವರ್ಷ ಅದೇ ದಾರಿ ಹಿಡಿಯಬೇಕಾಯಿತು. ಕಾಗದದ ಮೇಲಿನ ಅಧಿಕಾರ ಎಡಿನ್‌ಬರೊದಲ್ಲಿದ್ದರೂ ಅದಕ್ಕೆ ತಗಲುವ ಹಣದ ನಿರ್ಧಾರ ಇನ್ನೊಂದು ಊರಿನದು.

ಸ್ಯೂಯಲ್ ಸಂಪ್ರದಾಯವನ್ನು ಹೊಸ ತಿಳಿವಳಿಕೆ ಪತ್ರದ ಮೂಲಕ ಬಲಪಡಿಸುವುದಾಗಿ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ ಹೇಳಿತ್ತು. ಗೆದ್ದ ಮೇಲೆ 2024ರ ಅಕ್ಟೋಬರ್‌ನಲ್ಲಿ ಎಡಿನ್‌ಬರೊದಲ್ಲಿ ಎಲ್ಲ ಸರ್ಕಾರಗಳ ಮುಖ್ಯಸ್ಥರನ್ನೂ ಇಂಗ್ಲೆಂಡಿನ ಮೇಯರ್‌ಗಳನ್ನೂ ಒಂದು ಮಂಡಳಿಯಾಗಿ ಕೂಡಿಸಿದರು. ಒಳ್ಳೆಯದೇ. ಆದರೆ ತಿಳಿವಳಿಕೆ ಪತ್ರ, ಮಂಡಳಿ, ಸೌಹಾರ್ದ ಸಭೆಗಳನ್ನು 1999ರಲ್ಲೂ ನೋಡಿದ್ದಾಗಿದೆ. ಪಕ್ಷ ಬದಲಾದ ದಿನ ಅವು ಎಷ್ಟು ನಿಂತವೆಂಬುದನ್ನೂ ನೋಡಿದ್ದಾಗಿದೆ. ಇಂದಿನ ಸಂಸತ್ತು ಬರೆದದ್ದನ್ನು ನಾಳಿನ ಸಂಸತ್ತು ಅಳಿಸಬಹುದಾದ ದೇಶದಲ್ಲಿ ಕಾಯ್ದೆಗೆ ತಾನೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿಯಿಲ್ಲ. 2016ರ ಕಾಯ್ದೆ, ಸ್ಕಾಟಿಷ್ ಸಂಸತ್ತನ್ನು ಅಲ್ಲಿನ ಜನರ ಮತದಾನದ ಒಪ್ಪಿಗೆಯಿಲ್ಲದೆ ರದ್ದುಮಾಡಲಾಗದೆಂದು ಘೋಷಿಸಿದೆ. ಅದನ್ನು ಮೀರಬಯಸುವ ಸರ್ಕಾರ ಮೊದಲು ಆ ಸಾಲನ್ನು ಎಲ್ಲರ ಕಣ್ಣೆದುರು ಅಳಿಸಬೇಕು, ಆ ಅಳಿಸುವಿಕೆಗೆ ರಾಜಕೀಯ ಬೆಲೆ ತೆರಬೇಕು. ‘ಸಾಮಾನ್ಯವಾಗಿ’ ಎಂಬ ಪದವನ್ನು ಕಾಯ್ದೆಯಿಂದ ತೆಗೆದು, ಯಾವ ಸಂದರ್ಭದಲ್ಲಿ ಒಪ್ಪಿಗೆಯನ್ನು ಮೀರಬಹುದು, ಮೀರಿದಾಗ ಸದನಕ್ಕೆ ಯಾವ ಕಾರಣ ಕೊಡಬೇಕು ಎಂದು ಬರೆಯುವುದಕ್ಕೆ 411 ಸ್ಥಾನಗಳ ಸರ್ಕಾರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ರಾಷ್ಟ್ರೀಯ ಚುನಾವಣೆ 2029ರ ಆಗಸ್ಟ್‌ನ ಒಳಗೆ ನಡೆಯಬೇಕು. ಬರೆಯುವ ಮನಸ್ಸಿದ್ದರೆ ಅವರಿಗಿರುವ ಗಡುವು ಅದು.